ದಿನಕ್ಕೆ ಮೂವತ್ತು ರೂಪಾಯಿಯ ಲೆಕ್ಕ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲವು ಅಮ್ಮಾಜಾನ್ ಬಾವಾಜಾನ್ ದರ್ಗಾದಿಂದ ಹೆಸರಾದ ಯಾತ್ರಾಸ್ಥಳ. ಮತಭೇದವಿಲ್ಲದೆ ನೆರೆರಾಜ್ಯಗಳಿಂದಲೂ ಭಕ್ತರು ಇಲ್ಲಿಗೆ ಬರುತ್ತಾರೆ. ಜನ ಸೇರುವ ಇಂತಹ ಊರುಗಳಲ್ಲಿ ಉಳಿದ ಅನ್ನವನ್ನು ನೆಚ್ಚಿ ಬೀದಿನಾಯಿಗಳೂ ಒಡೆಯನಿಲ್ಲದ ರಾಸುಗಳೂ ಸೇರುವುದು ಸಹಜ. ಅವುಗಳಿಗೆ ಒಂದು ದಿನ ಅನ್ನವಿಕ್ಕುವವರಿಗೆ ಕೊರತೆಯಿಲ್ಲ. ಪ್ರತಿದಿನ ಇಕ್ಕುವವರು ವಿರಳ. ಪ್ರಾಣಿಗಳ ಆಶ್ರಯಧಾಮ ನಡೆಸುವವರ ಕಷ್ಟವೆಲ್ಲವೂ ಈ ವ್ಯತ್ಯಾಸದಲ್ಲಿದೆ.

ಆಶ್ರಯಧಾಮಗಳ ಅಗತ್ಯ ಈಚೆಗೆ ಹೆಚ್ಚಿದೆ. ಹೈನುಗಾರಿಕೆಯನ್ನು ಅವಲಂಬಿಸಿದ ಈ ಸೀಮೆಯಲ್ಲಿ ಮಿಶ್ರತಳಿಯ ಗಂಡುಕರುವಿಗೂ ಹಾಲು ಬತ್ತಿದ ಹಸುವಿಗೂ ರೈತನ ಲೆಕ್ಕದಲ್ಲಿ ಆದಾಯವಿಲ್ಲ, ಖರ್ಚು ಮಾತ್ರ. ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆಯು 2021ರಲ್ಲಿ ಜಾರಿಗೆ ಬಂದ ಮೇಲೆ ಅವುಗಳ ಹೊಣೆ ಯಾರದೆಂಬ ಪ್ರಶ್ನೆ ತೀವ್ರವಾಯಿತು. 2025ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಬೀದಿನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸಲು ಆದೇಶಿಸಿತು. ಆದೇಶದಿಂದ ಕಟ್ಟಡ ಏಳಬಹುದು. ಮೇವು ತಾನಾಗಿ ಬಾರದು.

ಲೆಕ್ಕವನ್ನು ನೋಡಬಹುದು. ರಾಜ್ಯ ಸರ್ಕಾರವು 2022ರಲ್ಲಿ ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಒಂದು ರಾಸಿನ ದತ್ತು ಮೊತ್ತವನ್ನು ವರ್ಷಕ್ಕೆ 11,000 ರೂ. ಎಂದು ನಿಗದಿಪಡಿಸಲಾಯಿತು. ದಿನಕ್ಕೆ ಅದು ಸುಮಾರು 30 ರೂ. ಮುನ್ನೂರು ಕಿಲೋ ತೂಕದ ರಾಸಿಗೆ ದಿನವೊಂದಕ್ಕೆ ಕನಿಷ್ಠ ಆರು ಕಿಲೋ ಒಣಮೇವಾದರೂ ಬೇಕು. ಕಿಲೋವಿಗೆ ಐದು ರೂಪಾಯಿ ಹಿಡಿದರೂ ದತ್ತಿನ ಹಣವೆಲ್ಲ ಮೇವಿಗೇ ಸಂದಾಯವಾಗುತ್ತದೆ. ಪಶುವೈದ್ಯರ ಶುಲ್ಕ, ಔಷಧ, ನೀರು, ಸೆಗಣಿ ಬಾಚುವವನ ಸಂಬಳ ಇವೆಲ್ಲಕ್ಕೂ ಉಳಿಯುವುದು ಸೊನ್ನೆ. ನೂರು ರಾಸುಗಳ ಗೋಶಾಲೆಗೆ ವರ್ಷಕ್ಕೆ ಇನ್ನೂರು ಟನ್ನಿಗೂ ಮೀರಿ ಮೇವು ಬೇಕೆಂಬುದನ್ನು ನೆನೆದರೆ, ಹಬ್ಬದ ದಿನ ಬರುವ ಬೆಲ್ಲ-ಬಾಳೆಹಣ್ಣಿನ ಮಿತಿ ಸ್ಪಷ್ಟವಾಗುತ್ತದೆ.

ಈ ಕೊರತೆಯನ್ನು ಹಿಂದಿನ ವರ್ತಕರು ಚೆನ್ನಾಗಿ ಅರಿತಿದ್ದರು. 1832ರಲ್ಲಿ ಮುಂಬಯಿಯ ಬ್ರಿಟಿಷ್ ಆಡಳಿತವು ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರಸಿಗಳು ಪ್ರತಿಭಟಿಸಿದರು, ಪೇಟೆ ಬಾಗಿಲು ಹಾಕಿತು. ಪ್ರತಿಭಟನೆ ಅಷ್ಟಕ್ಕೇ ನಿಲ್ಲಲಿಲ್ಲ. 1834ರಲ್ಲಿ ಜೆಮ್‌ಸೆಟ್‌ಜೀ ಜೀಜೀಭಾಯ್ ಮೊದಲಾದ ವರ್ತಕರು ಅಲ್ಲಿ ಪಿಂಜರಾಪೋಲ್ ಸ್ಥಾಪಿಸಿದರು. ಅದರ ನಿರ್ವಹಣೆಗೆ ವ್ಯಾಪಾರವಾದ ಸರಕಿನ ಮೇಲೆ ಅಲ್ಪ ಲಾಗಾ ವಿಧಿಸಿಕೊಂಡರು. ದಾನವು ಮನಸ್ಸಿನ ಲಹರಿಗೆ ಸೇರದೆ ಖಾತೆಪುಸ್ತಕಕ್ಕೆ ಸೇರಿತು. ಪಿಂಜರಾಪೋಲ್ ಎಂಬ ಹೆಸರಿನ ಸಂಸ್ಥೆ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿಯೂ ಇದೆ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕ್ಯೂಪಾ ಸಂಸ್ಥೆಯನ್ನು ಆರಂಭಿಸಿದಾಗ ಆಕೆ ಇಳಿವಯಸ್ಸಿನವರು. 1996ರಲ್ಲಿ ಆಕೆ ತೀರಿಕೊಂಡ ಮೇಲೂ ಸಂಸ್ಥೆ ಮುಂದುವರಿಯಿತು. ಒಬ್ಬರ ಕರುಣೆಯಿಂದ ಆಶ್ರಯಧಾಮ ಹುಟ್ಟಬಹುದು, ಉಳಿಯುವುದು ಹಲವರ ಶಿಸ್ತಿನಿಂದ.

ತೆರಿಗೆ ರಿಯಾಯಿತಿಯೊಂದನ್ನೇ ನಂಬಿ ಈ ಕಾರ್ಯ ಸಾಗದು. 1961ರ ಆದಾಯ ತೆರಿಗೆ ಕಾಯಿದೆಯ 80ಜಿ ಕಲಮಿನಲ್ಲಿ, 2017-18ರಿಂದ 2,000 ರೂ. ಮೀರಿದ ನಗದು ದೇಣಿಗೆಗೆ ರಿಯಾಯಿತಿ ತಪ್ಪಿತು. 2023-24ರಿಂದ ಸಹಜ ಆಯ್ಕೆಯಾದ ಹೊಸ ತೆರಿಗೆ ಪದ್ಧತಿಯಲ್ಲಿ ಆ ರಿಯಾಯಿತಿಯೇ ಇಲ್ಲ. ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ಪಟ್ಟಿಯಲ್ಲಿ ಪ್ರಾಣಿ ಕಲ್ಯಾಣ ಸೇರಿದೆಯಾದರೂ, ಐದು ಕೋಟಿ ರೂ. ನಿವ್ವಳ ಲಾಭದಂತಹ ಅದರ ಮಿತಿಗಳನ್ನು ಮುಟ್ಟುವ ವರ್ತಕರು ತಾಲ್ಲೂಕು ಕೇಂದ್ರಗಳಲ್ಲಿ ಎಷ್ಟು ಮಂದಿ? ಲಾಗಾ ತೆತ್ತ ಹಿಂದಿನ ವರ್ತಕರಿಗೆ ಯಾವ ರಿಯಾಯಿತಿಯೂ ಇರಲಿಲ್ಲವೆಂಬುದು ಗಮನಾರ್ಹ.

ಮಾನವರ ಅಗತ್ಯಗಳೇ ಪೂರೈಸದಿರುವಾಗ ಪ್ರಾಣಿಗಳಿಗೆ ಹಣವೇಕೆಂಬ ಆಕ್ಷೇಪ ಅಸಮಂಜಸವಲ್ಲ. ಆದರೆ ಈ ಸೀಮೆಯ ಹಾಲಿನ ಹಣದಿಂದ ಪೇಟೆಯ ವಹಿವಾಟು ನಡೆದಿರುವಾಗ, ಹಾಲು ಕೊಟ್ಟ ರಾಸಿನ ಮುಪ್ಪು ಆ ವಹಿವಾಟಿನ ಬಾಕಿ ಖರ್ಚೇ ಆಗಿದೆ.

ಆದ್ದರಿಂದ ವರ್ತಕರು ವರ್ಷಕ್ಕೊಮ್ಮೆ ಕೊಡುವ ದೊಡ್ಡ ಮೊತ್ತಕ್ಕಿಂತ ತಿಂಗಳಿಗೊಮ್ಮೆ ತಪ್ಪದೆ ಕೊಡುವ ಸಣ್ಣ ಮೊತ್ತವೇ ಮೇಲು. ರಾಗಿ ಕೊಯ್ಲಿನ ಬಳಿಕ ಹುಲ್ಲು ಅಗ್ಗವಾದಾಗ ಬೇಸಿಗೆಗೂ ಸೇರಿಸಿ ಕೊಳ್ಳಲು ಮುಂಗಡ ದೊರೆತರೆ ಆಶ್ರಯಧಾಮದ ಅರ್ಧ ಸಂಕಟ ನೀಗುತ್ತದೆ. ಪ್ರತಿಯಾಗಿ ಆಶ್ರಯಧಾಮದವರೂ ಬಂದ, ಸತ್ತ, ದತ್ತು ಹೋದ ಪ್ರಾಣಿಗಳ ದಾಖಲೆಯನ್ನೂ ಪರಿಶೋಧಿತ ಜಮಾಖರ್ಚನ್ನೂ ಬಾಗಿಲಲ್ಲೇ ಪ್ರಕಟಿಸಬೇಕು. ಕೇಳುವ ಹಕ್ಕು ಕೊಡುವವನಿಗಿದೆ. ಮೂಕಪ್ರಾಣಿಯಾದರೋ ಲೆಕ್ಕ ಕೇಳಲಾರದು.