ಲಾಲ್‌ಬಾಗಿನಲ್ಲಿ ಇಬ್ಬರೇ

ಪಟ್ಟಣವಾಸಿಗಳಾದ ಗಂಡಹೆಂಡಿರಿಗೆ ಏಕಾಂತ ಬೇಕಾದರೆ ಸಾವಿರಾರು ಜನ ಸೇರುವ ಸ್ಥಳಕ್ಕೇ ಹೋಗಬೇಕೆಂಬುದು ವಿಚಿತ್ರವಾದರೂ ಸತ್ಯ. ಮನೆಯಲ್ಲಿ ಬೇಳೆಯ ಲೆಕ್ಕವನ್ನು ಬಿಟ್ಟು ಬೇರೇನನ್ನು ಆಡಿದರೂ ನಾಲ್ಕಾರು ಕಿವಿಗಳು ನಿಮಿರುತ್ತವೆ. ಆದಕಾರಣ ಕಳೆದ ಭಾನುವಾರ ಮಕ್ಕಳನ್ನು ಅಜ್ಜಿಯ ವಶಕ್ಕೊಪ್ಪಿಸಿ, ನಾನೂ ನನ್ನಾಕೆಯೂ ಲಾಲ್‌ಬಾಗಿಗೆ ಹೊರಟೆವು.

1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ಈ ತೋಟವು ಇಂದು ಸುಮಾರು 240 ಎಕರೆಗಳಷ್ಟಿದೆ. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯೆದುರು ನಾನು ಅಭ್ಯಾಸಬಲದಿಂದ ಪಾಠವನ್ನೇ ತೊಡಗಿದೆನು. ಇಸವಿಗಳಿಗೆ ಆಕೆ ಆಕಳಿಸಿದಳು. ಆದರೆ 1874ರಿಂದ ತೋಟದ ಹೊಣೆ ಹೊತ್ತಿದ್ದ ಜಾನ್ ಕ್ಯಾಮರೂನನೇ ಸೀಮೆಬದನೆಯನ್ನು ಇಲ್ಲಿಗೆ ತಂದವನೆಂದು ಹೇಳುತ್ತಾರೆ, ಆಂಧ್ರದವರು ಅದನ್ನು ಇಂದಿಗೂ ಬೆಂಗಳೂರು ಬದನೆಯೆಂದೇ ಕರೆಯುತ್ತಾರೆ ಎಂದೊಡನೆ ಮುಖವರಳಿತು.

"ಹಾಗಾದರೆ ನಮ್ಮ ಕೂಟಿಗೆ ಆತ ನೆಂಟನೇ ಆದ" ಎಂದಳು.

ಕ್ಯಾಮರೂನನ ಅನಂತರ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗೆಲ್ಲನ ಕಥೆ ಆಕೆಗೆ ಇನ್ನೂ ಹಿಡಿಸಿತು. ಒಂದು ಜಾತಿಯ ಮರ ಹೂವುದುರಿಸುವಷ್ಟರಲ್ಲಿ ಇನ್ನೊಂದು ಅರಳಬೇಕು, ಊರಿನ ಬೀದಿಗಳಲ್ಲಿ ವರ್ಷವೆಲ್ಲ ಹೂವಿರಬೇಕು ಎಂದು ಆತ ಯೋಜಿಸಿದನಂತೆ. ಹುಟ್ಟಿದ ನಾಡಿಗೆ ಹಿಂದಿರುಗದೆ 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡ. ಆಕೆ ಬಹಳ ಹೊತ್ತು ಮಾತಾಡಲಿಲ್ಲ.

ಕೆಂಪೇಗೌಡನ ಗೋಪುರವಿರುವ ಬಂಡೆಯನ್ನೇರಿ ಕುಳಿತೆವು. ಆ ಶಿಲೆಗೆ 300 ಕೋಟಿ ವರ್ಷಗಳ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದನ್ನೂ ವಿವರಿಸಲು ಬಾಯ್ದೆರೆಯುವಷ್ಟರಲ್ಲಿ ಆಕೆಯೇ ಹೇಳಿದಳು: "ಮದುವೆಯ ಗಡಿಬಿಡಿಯಲ್ಲಿ ಬಿಟ್ಟ ಬಿ.ಎ.ಯನ್ನು ಈ ವರ್ಷ ಮುಗಿಸಬೇಕೆಂದಿದ್ದೇನೆ. ಮುಕ್ತ ವಿಶ್ವವಿದ್ಯಾನಿಲಯದ ಅರ್ಜಿ ತರಿಸಿಟ್ಟಿದ್ದೇನೆ. ಹೇಳಲು ಎರಡು ತಿಂಗಳಿಂದ ಹೊತ್ತೇ ಸಿಕ್ಕಲಿಲ್ಲ."

ಹೊತ್ತು ಸಿಕ್ಕದಿರುವುದೇ? ಇಬ್ಬರೂ ಒಂದೇ ಸೂರಿನಡಿಯಲ್ಲಿದ್ದೇವೆ! ಆದರೂ ಆ ಮಾತು ನಿಜವೆಂದು ಒಪ್ಪಲೇಬೇಕಾಯಿತು. ದಿನವೂ ಅರುವತ್ತು ಮಂದಿಗೆ ಪಂಪ, ರನ್ನರನ್ನು ಬೋಧಿಸುವ ನನಗೆ, ನನ್ನ ಮನೆಯಲ್ಲಿಯೇ ಒಬ್ಬ ವಿದ್ಯಾರ್ಥಿನಿ ಸರತಿಯಲ್ಲಿ ಕಾದಿರುವುದು ತಿಳಿದಿರಲಿಲ್ಲ.

ಶುಲ್ಕದ ಮಾತು ಬೇಗ ಮುಗಿಯಿತು. ಅಡಿಗೆಯದು ಮುಗಿಯಲಿಲ್ಲ. ಅಮ್ಮ ಏನೆನ್ನುವರೋ ಎಂದು ನಾನು ರಾಗವೆಳೆದೆ.

"ಅವರನ್ನು ಕೇಳಿಯಾಯಿತು. ಓದಮ್ಮ ಎಂದಿದ್ದಾರೆ. ಉಳಿದವರು ನೀವೊಬ್ಬರೇ" ಎಂದಳು.

ಬಂಡೆಯಿಳಿದು ಕೆರೆಯ ದಡಕ್ಕೆ ಬರುವಷ್ಟರಲ್ಲಿ ಬೆಳಗಿನ ಅಡಿಗೆ ನನ್ನ ಪಾಲಿಗೆ ಬಂದಿತ್ತು. ಸಂಜೆಯ ಕಾಫಿಯ ವಿಷಯದಲ್ಲಿ ಇನ್ನೂ ಸಂಧಾನ ನಡೆದಿದೆ. ಅರ್ಜಿಗೆ ಶುಕ್ರವಾರ ಕಡೆಯ ದಿನ.