ಟಿಪ್ಪುವಿನ ನಂತರ: ಕೂಡಿ ಗೆದ್ದವರ ಹಗೆತನ

1800ರ ಜೂನ್ ಕೊನೆಯಲ್ಲಿ ಕಂಪನಿ ಸರ್ಕಾರದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿ, ಐರಣಿ ಮತ್ತು ರಾಣೆಬೆನ್ನೂರಿನ ಕೋಟೆಗಳನ್ನು ವಶಪಡಿಸಿಕೊಂಡ. ನೆಲ ಪೇಶ್ವೆಯದು, ಆದರೂ ಇದು ಪೇಶ್ವೆಯ ಮೇಲಿನ ದಾಳಿಯಾಗಿರಲಿಲ್ಲ. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದು ಸವಣೂರು, ಧಾರವಾಡ ಸೀಮೆಯಲ್ಲಿ ದಂಡು ಕಟ್ಟಿದ್ದ ಧೋಂಡಿಯಾ ವಾಘನನ್ನು ಹಿಡಿಯಲು ಆತ ಪುಣೆಯ ಒಪ್ಪಿಗೆ ಪಡೆದೇ ಬಂದಿದ್ದ. ಅದೇ ದಿನಗಳಲ್ಲಿ ಕಿತ್ತೂರಿನ ಹತ್ತಿರ ಧೋಂಡಿಯಾನ ಕೈಯಲ್ಲಿ ಮರಾಠಾ ಸರದಾರ ಧೋಂಡೋಪಂತ ಗೋಖಲೆ ಹತನಾದ. ಧೋಂಡೋಪಂತನ ಸೋದರನ ಮಗ ಬಾಪು ಗೋಖಲೆಗೂ ವೆಲ್ಲೆಸ್ಲಿಗೂ ಆಗ ಶತ್ರು ಒಬ್ಬನೇ. ಹದಿನೇಳು ವರ್ಷಗಳ ನಂತರ, 1817ರ ನವೆಂಬರ್ 5ರಂದು, ಖಡಕಿಯಲ್ಲಿ ಕಂಪನಿಯ ವಿರುದ್ಧ ಪೇಶ್ವೆಯ ಸೈನ್ಯ ನಡೆಸಿದವನು ಇದೇ ಬಾಪು ಗೋಖಲೆ. 1818ರ ಫೆಬ್ರುವರಿಯಲ್ಲಿ ಅಷ್ಟಿಯ ಕಾಳಗದಲ್ಲಿ ಆತ ಮಡಿದ. ಅಷ್ಟರಲ್ಲಿ ಥಾಮಸ್ ಮನ್ರೋ ಕೆಲವೇ ಸೈನಿಕರನ್ನು ಇಟ್ಟುಕೊಂಡು ಧಾರವಾಡ ಸೀಮೆಯನ್ನು ಕಂಪನಿಯ ಕೈಗೆ ತರುತ್ತಿದ್ದ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಪುಣೆಯ ಆಳ್ವಿಕೆಯಿಂದ ಮುಂಬಯಿಯ ಆಳ್ವಿಕೆಗೆ ಹೋದದ್ದು ಹೀಗೆ.

ಟಿಪ್ಪುವಿನ ವಿರುದ್ಧ ಕೂಡಿ ನಿಂತವರು ಪರಸ್ಪರ ಕತ್ತಿ ಹಿರಿದದ್ದು ಅನಿವಾರ್ಯವಾಗಿತ್ತೇ? ಅಥವಾ ಬೇರೆ ದಾರಿ ಇದ್ದೂ ಕೆಲವರು ಅದನ್ನು ಬಿಟ್ಟರೇ? ಇತಿಹಾಸ ಬಲ್ಲವರಲ್ಲೂ ಈ ಬಗ್ಗೆ ಒಮ್ಮತವಿಲ್ಲ. ಎರಡು ಪಕ್ಷದಲ್ಲೂ ತೂಕದ ಮಾತುಗಳಿವೆ.

ಅನಿವಾರ್ಯ ಎನ್ನುವವರು ಮೈತ್ರಿಯ ಒಪ್ಪಂದಗಳನ್ನೇ ಮುಂದಿಡುತ್ತಾರೆ. 1790ರ ಜೂನ್‌ನಲ್ಲಿ ಕಂಪನಿಯು ಪೇಶ್ವೆಯೊಂದಿಗೆ, ಜುಲೈನಲ್ಲಿ ನಿಜಾಮನೊಂದಿಗೆ ಒಪ್ಪಂದ ಮಾಡಿಕೊಂಡಿತು. ಗೆದ್ದದ್ದನ್ನು ಹಂಚಿಕೊಳ್ಳುವ ಬಗೆ ಅವುಗಳಲ್ಲಿ ಸ್ಪಷ್ಟವಾಗಿತ್ತು. ಹಂಚಿಕೊಂಡ ಮೇಲೆ ಒಬ್ಬರೊಡನೊಬ್ಬರು ಹೇಗೆ ಬಾಳಬೇಕೆಂಬುದು ಇರಲಿಲ್ಲ. ಪರಶುರಾಮ ಭಾವೂ ಪಟವರ್ಧನನ ದಂಡು ಮತ್ತು ಕ್ಯಾಪ್ಟನ್ ಲಿಟಲ್‌ನ ಮುಂಬಯಿ ಪಡೆ ಸೇರಿ ಧಾರವಾಡದ ಕೋಟೆಯನ್ನು 1790ರ ಸೆಪ್ಟೆಂಬರ್‌ನಿಂದ ಮುಂದಿನ ಏಪ್ರಿಲ್‌ವರೆಗೆ ಮುತ್ತಿದವು. ಅವರನ್ನು ಒಟ್ಟಿಗೆ ಹಿಡಿದಿಟ್ಟದ್ದು ಪರಸ್ಪರ ನಂಬಿಕೆಯಲ್ಲ, ಟಿಪ್ಪುವಿನ ಭಯ. 1792ರ ಮಾರ್ಚ್‌ನಲ್ಲಿ ಟಿಪ್ಪು ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ. ಮೂರೇ ವರ್ಷದಲ್ಲಿ, 1795ರ ಮಾರ್ಚ್‌ನಲ್ಲಿ, ಮರಾಠರು ಮತ್ತು ನಿಜಾಮ ಖರ್ಡಾದಲ್ಲಿ ಕಾದಾಡಿದರು. ಭಯ ಅರ್ಧ ಇಳಿದದ್ದಕ್ಕೇ ಮೈತ್ರಿ ಬಿರುಕು ಬಿಟ್ಟಿತು ಎಂಬ ಇವರ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಇವರ ಬಳಿ ಇನ್ನೂ ಹಳೆಯ ಸಾಕ್ಷಿಯೊಂದಿದೆ: 1565ರಲ್ಲಿ ವಿಜಯನಗರವನ್ನು ಕೂಡಿ ಸೋಲಿಸಿದ ಸುಲ್ತಾನರು ಮುಂದೆ ತಮ್ಮತಮ್ಮಲ್ಲೇ ಹೊಡೆದಾಡಿದರು. ಆ ಮಿತ್ರಕೂಟದಲ್ಲಿದ್ದ ಬೀದರನ್ನು 1619ರಲ್ಲಿ ನುಂಗಿದ್ದು ಜೊತೆಗಾರ ಬಿಜಾಪುರವೇ.

ಇನ್ನೊಂದು ಪಕ್ಷ ಅದೇ 1792ನ್ನು ಬೇರೆ ರೀತಿ ಓದುತ್ತದೆ. ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದ ಕಾರ್ನ್‌ವಾಲಿಸ್ ಟಿಪ್ಪುವನ್ನು ಪೂರ್ತಿ ಅಳಿಸದೆ ಅರ್ಧ ರಾಜ್ಯ ಉಳಿಸಿದ. ಅದರ ಹಿಂದೆ ಉದಾರತೆಗಿಂತ ಲೆಕ್ಕಾಚಾರವೇ ಹೆಚ್ಚಿತ್ತು: ಮೈಸೂರು ಇಲ್ಲವಾದರೆ ಕಂಪನಿ ಮತ್ತು ಮರಾಠರ ಗಡಿಗಳು ನೇರವಾಗಿ ತಾಕುತ್ತಿದ್ದವು. ಮರಾಠರಿಗೂ ಆ ಎಚ್ಚರ ಇತ್ತೆನ್ನಬಹುದು. 1799ರ ಯುದ್ಧದಲ್ಲಿ ಅವರು ಪಾಲ್ಗೊಳ್ಳಲಿಲ್ಲ. ಖರ್ಡಾದ ವೇಳೆ ಗವರ್ನರ್ ಜನರಲ್ ಜಾನ್ ಶೋರ್, ನಿಜಾಮ ನೆರವನ್ನು ನಿರೀಕ್ಷಿಸಿದ್ದರೂ, ತಟಸ್ಥನಾಗಿ ಉಳಿದ. ಕಂಪನಿಯ ಅಧಿಕಾರಿಗಳೇ ತಡೆದು ನಿಲ್ಲಬಲ್ಲವರಾಗಿದ್ದರೆ, ಮುಂದಿನ ಘರ್ಷಣೆಯನ್ನು ವಿಧಿಯ ತಲೆಗೆ ಕಟ್ಟುವುದು ಸರಿಯೇ? 1798ರಲ್ಲಿ ಆರ್ಥರ್‌ನ ಅಣ್ಣ ರಿಚರ್ಡ್ ವೆಲ್ಲೆಸ್ಲಿ ಗವರ್ನರ್ ಜನರಲ್ ಆಗಿ ಬಂದು ಸಹಾಯಕ ಸೈನ್ಯ ಪದ್ಧತಿಯನ್ನು ಮೊದಲು ನಿಜಾಮನ ಮೇಲೆ ಹೇರಿದ. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಮೈಸೂರು ಉಳಿಯಿತು, ಆದರೆ ಸ್ವತಂತ್ರ ಶಕ್ತಿಯಾಗಿ ಅಲ್ಲ. ಮರಾಠರಿಗೆ ಸೋದೆ, ಹರಪನಹಳ್ಳಿಗಳನ್ನು ಷರತ್ತು ಹಾಕಿ ಕೊಡಲು ಬಂದಾಗ ಅವರು ಒಲ್ಲೆ ಎಂದರು.

ಈ ವಾದಕ್ಕೂ ಉತ್ತರವಿದೆ. ಕೆಡುಕೆಲ್ಲ ಅಣ್ಣ ವೆಲ್ಲೆಸ್ಲಿಯಿಂದ ಬಂತು ಎಂದರೆ ಪುಣೆಯ ಒಳಜಗಳವನ್ನು ಮರೆತಂತಾಗುತ್ತದೆ. 1795ರಲ್ಲಿ ತರುಣ ಪೇಶ್ವೆ ಸವಾಯಿ ಮಾಧವರಾವ್ ತೀರಿಕೊಂಡ; 1800ರ ಮಾರ್ಚ್‌ನಲ್ಲಿ ನಾನಾ ಫಡ್ನವೀಸನೂ ಹೋದ. 1802ರ ಅಕ್ಟೋಬರ್‌ನಲ್ಲಿ ಪೇಶ್ವೆ ಎರಡನೇ ಬಾಜೀರಾಯ ಮರಾಠಾ ಸರದಾರ ಹೋಳ್ಕರನಿಗೆ ಸೋತು ವಸಈಗೆ ಓಡಿ, ಡಿಸೆಂಬರ್ 31ರಂದು ಕಂಪನಿಯ ಸೈನ್ಯವನ್ನು ತಾನೇ ಮನೆಗೆ ಕರೆದುಕೊಂಡ. ಇವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ: ವೆಲ್ಲೆಸ್ಲಿ ಬರದಿದ್ದರೂ, 1793ರಿಂದ ಫ್ರೆಂಚರೊಡನೆ ಯುದ್ಧದಲ್ಲಿದ್ದ ಬ್ರಿಟನ್ನಿನ ಕಂಪನಿ ಇಂಥ ಅವಕಾಶ ಸಿಕ್ಕಾಗ ಬಿಡುತ್ತಿತ್ತೇ?

ಸವಣೂರಿನವರ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಅಧಿಕಾರ ಸಮತೋಲ ಒಳ್ಳೆಯದು ಎನ್ನುವವರು ಅದರ ಬೆಲೆ ಕೊಟ್ಟವರು ಯಾರೆಂದು ಕೇಳಿಕೊಳ್ಳಬೇಕು. 1756ರಲ್ಲಿ ಪೇಶ್ವೆ ಮತ್ತು ನಿಜಾಮನ ಕಡೆಯವರು ಕೂಡಿ ಸವಣೂರಿಗೆ ಮುತ್ತಿಗೆ ಹಾಕಿದರು; ಮುಂದೆ ನವಾಬ ಅಬ್ದುಲ್ ಹಕೀಮ್ ಖಾನ್ ಹೈದರನೊಂದಿಗೆ ಬೀಗತನ ಬೆಳೆಸಿದ; 1786ರಲ್ಲಿ ಹೈದರನ ಮಗ ಟಿಪ್ಪುವೇ ಊರು ಹಿಡಿದಾಗ ಮರಾಠರ ಆಶ್ರಯಕ್ಕೆ ಓಡಿದ. ಎರಡು ದೊಡ್ಡವರ ನಡುವೆ ಮೂರನೆಯವನು ಉಳಿದರೆ ದೊಡ್ಡವರಿಗೆ ಸುಖ. ನಡುವಿನ ಊರಿನವರಿಗೆ ಕಾಳು, ಎತ್ತು, ನಿದ್ದೆ ಮೂರೂ ಹೋದವು. ಕಂಪನಿಯ ಆಳ್ವಿಕೆ ಕನಿಷ್ಠ ಈ ಓಡಾಟವನ್ನು ನಿಲ್ಲಿಸಿತು ಎನ್ನುವವರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಆ ಶಾಂತಿಗೆ ತೆತ್ತ ಬೆಲೆಯನ್ನು ಆರು ವರ್ಷಗಳಲ್ಲೇ, 1824ರಲ್ಲಿ, ಕಿತ್ತೂರು ಕಂಡಿತು.

ಹೊರಗಿನ ಲೋಕದ ಸಾಕ್ಷಿಯೂ ಎರಡು ಬಗೆಯದು. 1945ರ ಫೆಬ್ರುವರಿಯಲ್ಲಿ ಯಾಲ್ಟಾದಲ್ಲಿ ರೂಸ್‌ವೆಲ್ಟ್, ಸ್ಟಾಲಿನ್‌ರೊಂದಿಗೆ ಹಿಟ್ಲರನ ವಿರುದ್ಧ ಮಿತ್ರನಾಗಿ ಕೂತಿದ್ದ ಚರ್ಚಿಲ್, 1946ರ ಮಾರ್ಚ್‌ನಲ್ಲಿ ಫುಲ್ಟನ್‌ನಲ್ಲಿ ಕಬ್ಬಿಣದ ಪರದೆಯ ಮಾತಾಡಿದರು. ಅನಿವಾರ್ಯತೆಯ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಜರ್ಮನಿ ಎರಡಾಗಿ ಒಡೆದಿದ್ದ ಕಾಲದಲ್ಲೇ, 1955ರಲ್ಲಿ, ಅದೇ ವೈರಿಗಳು ಆಸ್ಟ್ರಿಯಾದಿಂದ ಸೈನ್ಯ ಹಿಂತೆಗೆಯಲು ಒಪ್ಪಿದರು, ಆ ದೇಶ ತಟಸ್ಥವಾಗಿ ಉಳಿಯಿತು. ಪೈಪೋಟಿ ಮಾತ್ರ ನಿಲ್ಲಲಿಲ್ಲ.

ಹೀಗಾಗಿ ಪೈಪೋಟಿ ಮತ್ತು ಯುದ್ಧವನ್ನು ಬೇರೆ ಬೇರೆ ತೂಗುವುದು ನ್ಯಾಯವೆಂದು ನನಗೆ ತೋರುತ್ತದೆ. ಸಮಾನ ಶತ್ರು ಕುಗ್ಗಿದ ಮೇಲೆ ಮರಾಠರು ಮತ್ತು ಕಂಪನಿ ಸಂಶಯದಿಂದ ನೋಡಿಕೊಂಡದ್ದನ್ನು ಯಾರ ತಪ್ಪೆಂದೂ ಹೇಳಲಾಗದು; ಅಷ್ಟರ ಮಟ್ಟಿಗೆ ಮೊದಲ ಪಕ್ಷ ಸರಿ. ಆ ಸಂಶಯ 1803ರ ಯುದ್ಧವಾಗಿ ಬೆಳೆದದ್ದಕ್ಕೆ ಮೈಸೂರನ್ನು ಸ್ವತಂತ್ರ ಶಕ್ತಿಯಾಗಿ ಉಳಿಸದ 1799ರ ನಿರ್ಧಾರದ ಪಾಲು ಹೆಚ್ಚು. 1792ರ ಏರ್ಪಾಡು ಅನ್ಯಾಯದ್ದೇ ಇರಬಹುದು, ಸವಣೂರಿನಂಥ ಊರುಗಳಿಗೆ ಅದು ನೆಮ್ಮದಿ ಕೊಟ್ಟಿತೆಂದು ಹೇಳುವ ಧೈರ್ಯವೂ ನನಗಿಲ್ಲ. ಆದರೂ ಅದು ಇದ್ದಷ್ಟು ಕಾಲ ಕಂಪನಿ ಮತ್ತು ಮರಾಠರು ಒಮ್ಮೆಯೂ ಯುದ್ಧ ಮಾಡಲಿಲ್ಲ. ಅದು ಮುರಿದ ನಾಲ್ಕೇ ವರ್ಷದಲ್ಲಿ, 1803ರ ಸೆಪ್ಟೆಂಬರ್ 23ರಂದು, ರಾಣೆಬೆನ್ನೂರಿಗೆ ಮಿತ್ರನಾಗಿ ಬಂದಿದ್ದ ಆ ಆರ್ಥರ್ ವೆಲ್ಲೆಸ್ಲಿ ಅಸಾಯೆಯಲ್ಲಿ ಶಿಂಧೆಯ ಮರಾಠಾ ಸೈನ್ಯವನ್ನು ಸೋಲಿಸಿದ.