ಟಿ.ವಿ. ಅಗ್ಗ, ಆಯುಷ್ಯ ಎಷ್ಟು?

ನಮ್ಮ ಮನೆಯ ಟಿ.ವಿ. ಕಳೆದ ವರ್ಷ ಒಂದು ಸಂಜೆ ಕಣ್ಣು ಮುಚ್ಚಿತು. ಬಾಯಿ ಮಾತ್ರ ಮುಚ್ಚಲಿಲ್ಲ. ವಾರ್ತೆ ಓದುವವರ ಧ್ವನಿ ಸ್ಪಷ್ಟವಾಗಿ ಕೇಳುತ್ತಿತ್ತು, ಪರದೆ ಕಪ್ಪಾಗಿತ್ತು. ನಿವೃತ್ತಿಯ ನಂತರ 11,000 ರೂಪಾಯಿ ಕೊಟ್ಟು ತಂದಿದ್ದ 32 ಇಂಚಿನ ಫ್ಲ್ಯಾಟ್ ಸ್ಕ್ರೀನ್ ಟಿ.ವಿ. ಅದು. ಅದಕ್ಕಾಗ ಎರಡು ವರ್ಷ ಎರಡು ತಿಂಗಳ ವಯಸ್ಸು. ವಾರಂಟಿ ಇದ್ದದ್ದು ಒಂದು ವರ್ಷಕ್ಕೆ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ, "ಆ ಮಾಡೆಲ್ ಈಗ ಬರುತ್ತಿಲ್ಲ ಸಾರ್, ಪಾರ್ಟ್ಸ್ ಸಿಗುವುದಿಲ್ಲ. ಎಕ್ಸ್‌ಚೇಂಜ್‌ನಲ್ಲಿ ಹೊಸದು ತೆಗೆದುಕೊಂಡುಬಿಡಿ" ಎಂಬ ವಿನಯಪೂರ್ವಕ ಉತ್ತರ ಬಂತು.

ಮಿತ್ರರೊಬ್ಬರ ಸಲಹೆಯಂತೆ ಬೆಂಗಳೂರಿನ ಎಸ್.ಪಿ. ರಸ್ತೆಯ ಓಣಿಯೊಂದರಲ್ಲಿದ್ದ ರಿಪೇರಿ ಅಂಗಡಿಗೆ ಟಿ.ವಿ.ಯನ್ನು ಒಯ್ದೆ. ಮೆಕ್ಯಾನಿಕ್ ಅಂಗಡಿಯ ದೀಪ ಆರಿಸಿ, ಕಪ್ಪು ಪರದೆಯ ಮೇಲೆ ಟಾರ್ಚ್ ಬಿಟ್ಟು, "ನೋಡಿ ಸಾರ್, ಚಿತ್ರ ಒಳಗೇ ಇದೆ" ಎಂದರು. ನಿಜ, ಬೆಳಕು ಬಿದ್ದ ಕಡೆ ಚಿತ್ರ ಮಸುಕಾಗಿ ಚಲಿಸುತ್ತಿತ್ತು. ಪ್ಯಾನೆಲ್‌ಗೆ ಏನೂ ಆಗಿರಲಿಲ್ಲ. ಅದರ ಹಿಂದೆ ಬೆಳಕು ನೀಡುವ ಎಲ್‌ಇಡಿಗಳ ಪಟ್ಟಿಯಲ್ಲಿ ಒಂದು ಬಿಂದು ಸುಟ್ಟಿತ್ತು. ಹಳೆಯ ಕಾಲದ ಸೀರಿಯಲ್ ಸೆಟ್ ದೀಪಗಳಂತೆ ಒಂದು ಹೋದರೆ ಸಾಲಿಗೆ ಸಾಲೇ ಆರುತ್ತದೆ. ಅಳತೆ ನೋಡಿ ಹೊಂದಿಸಿದ ಬೇರೆ ಪಟ್ಟಿಗೆ 600 ರೂಪಾಯಿ, ಕೂಲಿ 500 ರೂಪಾಯಿ. ಒಟ್ಟು 1,100 ರೂಪಾಯಿಗೆ ಕಂಪನಿ ಕೈಬಿಟ್ಟಿದ್ದ ಟಿ.ವಿ. ಮರಳಿ ಬಂತು.

ಇದಾಗಿ ಕೆಲವು ತಿಂಗಳಿಗೆ ನಮ್ಮ ಮನೆಗೆಲಸಕ್ಕೆ ಬರುವ ಮಹಿಳೆಯ ಮನೆಯ ಟಿ.ವಿ.ಯೂ ಕೆಟ್ಟಿತು. ತಿಂಗಳಿಗೆ 950 ರೂಪಾಯಿಯ ಹತ್ತು ಕಂತು ಕಟ್ಟಿ ಕೊಂಡಿದ್ದ ಟಿ.ವಿ. ಅದು, ಬಂದು ಹದಿನಾಲ್ಕು ತಿಂಗಳಾಗಿತ್ತು. ಅಲ್ಲಿ ಕೆಟ್ಟಿದ್ದು ಬೆಳಕಲ್ಲ, ಪ್ಯಾನೆಲ್ಲೇ. ಪರದೆಯ ತುಂಬ ಉದ್ದುದ್ದ ಗೆರೆಗಳು. 9,500 ರೂಪಾಯಿಯ ಟಿ.ವಿ.ಗೆ ಹೊಸ ಪ್ಯಾನೆಲ್ ಹಾಕಲು 7,000 ರೂಪಾಯಿ ಕೇಳಿದರು. ಕೊನೆಗೆ ಅದು 300 ರೂಪಾಯಿಗೆ ಗುಜರಿಯವನ ಗಾಡಿ ಏರಿತು. "ನಿಮ್ಮದು ಮತ್ತೆ ಹತ್ತಿತಲ್ಲ ಸಾರ್, ನಮ್ಮದು ಯಾಕೆ ಹತ್ತಲಿಲ್ಲ?" ಎಂದು ಆಕೆ ಕೇಳಿದರು. ಅರ್ಥಶಾಸ್ತ್ರ ಓದಿ, ಸರ್ಕಾರದ ಕಡತಗಳ ನಡುವೆ ಬದುಕು ಸವೆಸಿದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಅಗ್ಗದ ಟಿ.ವಿ.ಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1975-76ರಲ್ಲಿ ಉಪಗ್ರಹದ ಮೂಲಕ ಶೈಕ್ಷಣಿಕ ಕಾರ್ಯಕ್ರಮ ಬಿತ್ತರಿಸಿದ 'ಸೈಟ್' ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾಗಿದ್ದವು. ನಮ್ಮ ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳೂ ಅವುಗಳಲ್ಲಿದ್ದವು. ಆಗ ಇಡೀ ಊರಿಗೆ ಒಂದೇ ಟಿ.ವಿ. 1982ರಲ್ಲಿ ದೇಶಕ್ಕೆ ವರ್ಣ ಪ್ರಸಾರ ಬಂದಾಗಲೂ ಟಿ.ವಿ. ಉಳ್ಳವರ ಮನೆಯ ವಸ್ತುವಾಗಿತ್ತು. ಉಳಿದವರು ಕಿಟಕಿಯಾಚೆ ನಿಂತು ನೋಡಬೇಕಿತ್ತು. ಈ ಶತಮಾನದ ಮೊದಲ ದಶಕದ ನಡುಭಾಗದಲ್ಲಿ 32 ಇಂಚಿನ ಎಲ್‌ಸಿಡಿ ಟಿ.ವಿ.ಯ ಬೆಲೆ ಅರ್ಧ ಲಕ್ಷ ರೂಪಾಯಿಯ ಆಸುಪಾಸಿನಲ್ಲಿತ್ತು. ಇಂದು ಅದೇ ಅಳತೆಯ ಟಿ.ವಿ. ಹತ್ತು ಸಾವಿರದ ಆಸುಪಾಸಿನಲ್ಲಿ ದೊರೆಯುತ್ತದೆ. ಕಿಟಕಿಯಾಚೆ ನಿಂತು ನೋಡುತ್ತಿದ್ದವರ ಮಕ್ಕಳು ಇಂದು ತಮ್ಮದೇ ಗೋಡೆಯ ಮೇಲೆ ಟಿ.ವಿ. ತೂಗುಹಾಕಿದ್ದಾರೆ. ಇದು ಸಣ್ಣ ಸಾಧನೆಯಲ್ಲ.

ಬೆಲೆ ಇಳಿದದ್ದಕ್ಕೆ ಕಾರಣಗಳು ಗುಟ್ಟಿನವೇನಲ್ಲ. ಟಿ.ವಿ.ಯ ವೆಚ್ಚದಲ್ಲಿ ಸಿಂಹಪಾಲು 'ಓಪನ್ ಸೆಲ್' ಎಂದು ಕರೆಯುವ ಗಾಜಿನ ಪ್ಯಾನೆಲ್‌ನದು. ಇದರ ಜಾಗತಿಕ ಉತ್ಪಾದನೆ ಇಂದು ಬಹುಪಾಲು ಚೀನಾದ ಕೆಲವೇ ಬೃಹತ್ ಕಂಪನಿಗಳ ಕೈಯಲ್ಲಿದೆ. ಕೊರಿಯಾದ ಸ್ಯಾಮ್‌ಸಂಗ್ ಡಿಸ್‌ಪ್ಲೇ 2022ರಲ್ಲಿ ಎಲ್‌ಸಿಡಿ ಪ್ಯಾನೆಲ್ ತಯಾರಿಕೆಯನ್ನೇ ಕೈಬಿಟ್ಟಿತು. ನಮ್ಮ ಸರ್ಕಾರ 2020ರ ಜುಲೈನಲ್ಲಿ ಸಿದ್ಧ ಟಿ.ವಿ.ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಪ್ಯಾನೆಲ್ ಹೊರಗಿನಿಂದ ಬಂದರೂ ಜೋಡಣೆ ಇಲ್ಲೇ ಆಗಬೇಕೆಂಬುದು ಇದರ ಆಶಯ. ತೆರಿಗೆಯೂ ಇಳಿಯಿತು. 32 ಇಂಚಿನವರೆಗಿನ ಟಿ.ವಿ.ಗಳ ಜಿಎಸ್‌ಟಿ 2019ರ ಜನವರಿಯಿಂದ ಶೇ 28ರಿಂದ ಶೇ 18ಕ್ಕೆ ಇಳಿದರೆ, ಅದಕ್ಕಿಂತ ದೊಡ್ಡವುಗಳಿಗೆ ಅದೇ ರಿಯಾಯಿತಿ 2025ರ ಸೆಪ್ಟೆಂಬರ್ 22ರಿಂದ ದೊರೆಯಿತು. ಇಷ್ಟೆಲ್ಲ ಆಗಿರುವುದರಿಂದ ಅಗ್ಗದ ಟಿ.ವಿ. ಎಂದರೆ ಕಳಪೆ ಟಿ.ವಿ. ಎಂಬ ಮಧ್ಯಮವರ್ಗದ ಮೂದಲಿಕೆಗೆ ಆಧಾರವಿಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ನಾವು ಕೊಳ್ಳುತ್ತಿರುವುದು ಟಿ.ವಿ. ಎಂಬ ಪೆಟ್ಟಿಗೆಯನ್ನಲ್ಲ, ಅದರ ಮುಂದೆ ಕುಳಿತು ಕಳೆಯಬಹುದಾದ ವರ್ಷಗಳನ್ನು. ಆದರೆ ಬೆಲೆಯ ಚೀಟಿಯ ಮೇಲೆ ಪೆಟ್ಟಿಗೆಯ ಬೆಲೆಯಿದೆಯೇ ಹೊರತು ವರ್ಷಗಳ ಲೆಕ್ಕವಿಲ್ಲ. ಈ ಲೆಕ್ಕ ಹಾಕಿ ನೋಡಿದರೆ ಚಿತ್ರವೇ ಬದಲಾಗುತ್ತದೆ. ಮನೆಗೆಲಸದ ಮಹಿಳೆ 9,500 ರೂಪಾಯಿಗೆ ಪಡೆದದ್ದು ಹದಿನಾಲ್ಕು ತಿಂಗಳು. ತಿಂಗಳಿಗೆ ಸುಮಾರು 680 ರೂಪಾಯಿ ಬಿತ್ತು. ರಿಪೇರಿಯೂ ಸೇರಿ ನಾನು ಖರ್ಚು ಮಾಡಿದ್ದು 12,100 ರೂಪಾಯಿ. ಟಿ.ವಿ. ಒಟ್ಟು ಆರು ವರ್ಷ ಬಾಳಿದರೆ ತಿಂಗಳಿಗೆ 168 ರೂಪಾಯಿ. 25,000 ರೂಪಾಯಿಯ ಟಿ.ವಿ. ಹತ್ತು ವರ್ಷ ಬಾಳಿದರೂ ತಿಂಗಳಿಗೆ 208 ರೂಪಾಯಿ. ಅಂದರೆ ರಿಪೇರಿಯಾಗುವ ಅಗ್ಗದ ಟಿ.ವಿ. ಎಲ್ಲಕ್ಕಿಂತ ಅಗ್ಗ, ರಿಪೇರಿಯಾಗದ ಅಗ್ಗದ ಟಿ.ವಿ. ಎಲ್ಲಕ್ಕಿಂತ ದುಬಾರಿ. ಎರಡೂ ಅಂಗಡಿಯಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ. ಯಾವುದು ಯಾವುದೆಂದು ಕೊಳ್ಳುವವರಿಗೆ ತಿಳಿಯುವ ಮಾರ್ಗವಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಇಂಥದೇ ಸಮಸ್ಯೆಯನ್ನು ವಿವರಿಸಿದರು. 2001ರ ನೊಬೆಲ್ ಪ್ರಶಸ್ತಿಯ ಸಹಭಾಗಿಯೂ ಆದರು. ಸರಕಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಒಳ್ಳೆಯ ಸರಕಿಗೆ ತಕ್ಕ ಬೆಲೆ ಸಿಗದೆ ಅದು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತದೆ ಎಂಬುದು ಅವರ ವಾದದ ತಿರುಳು. ಅಗ್ಗದ ಟಿ.ವಿ.ಯ ವಿಷಯದಲ್ಲೂ ಇದೇ ನಡೆಯುತ್ತಿದೆ. ಕಡಿಮೆ ಎಲ್‌ಇಡಿ ಹಾಕಿ, ಅವುಗಳಿಗೆ ಹೆಚ್ಚು ವಿದ್ಯುತ್ ಹರಿಸಿ ಪರದೆಯನ್ನು ಬೆಳಗಿಸಿದರೆ ಅಂಗಡಿಯಲ್ಲಿ ಟಿ.ವಿ. ಥಳಥಳಿಸುತ್ತದೆ, ಆದರೆ ಕಾವು ಏರಿ ಎಲ್‌ಇಡಿ ಬೇಗ ಸಾಯುತ್ತದೆ. ಸ್ವಲ್ಪ ಹೆಚ್ಚು ಖರ್ಚು ಮಾಡಿ ಬಾಳಿಕೆ ಬರುವಂತೆ ತಯಾರಿಸುವ ಕಂಪನಿಗೆ ಆ ಬಾಳಿಕೆಯನ್ನು ಗ್ರಾಹಕನಿಗೆ ತೋರಿಸುವ ಉಪಾಯವಿಲ್ಲ. ಆತ ನೋಡುವುದು ಹೊಳಪು, ಇಂಚು ಮತ್ತು ಬೆಲೆಯನ್ನು ಮಾತ್ರ.

ಇಲ್ಲಿ ನಮ್ಮ ದೇಶಕ್ಕೆ ವಿಶಿಷ್ಟವಾದ ಅಂಶವೊಂದಿದೆ. ಶ್ರೀಮಂತ ರಾಷ್ಟ್ರಗಳಲ್ಲಿ ರಿಪೇರಿ ಕಣ್ಮರೆಯಾಗಲು ಮುಖ್ಯ ಕಾರಣ ಕೂಲಿಯ ದರ. ಮೆಕ್ಯಾನಿಕ್‌ನ ಒಂದೆರಡು ಗಂಟೆಯ ಕೂಲಿಯೇ ಹೊಸ ವಸ್ತುವಿನ ಬೆಲೆಗೆ ಸಮೀಪ ಬಂದರೆ ರಿಪೇರಿ ಮಾಡಿಸುವವರು ಯಾರು? ನಮ್ಮಲ್ಲಿ ಹಾಗಿಲ್ಲ. ನನ್ನ ಟಿ.ವಿ.ಗೆ ಜೀವ ತುಂಬಿದ ಕೈಚಳಕಕ್ಕೆ ಬಿದ್ದ ಕೂಲಿ 500 ರೂಪಾಯಿ. ಅಂಥ ಕುಶಲಿಗಳು ಪ್ರತಿ ಜಿಲ್ಲಾ ಕೇಂದ್ರದಲ್ಲಿದ್ದಾರೆ. ಅವರಿಗೆ ದೊರೆಯದಿರುವುದು ಮೂಲ ಬಿಡಿಭಾಗ, ಸರ್ಕ್ಯೂಟಿನ ನಕ್ಷೆ ಮತ್ತು ಪ್ಯಾನೆಲ್. ಹೊರದೇಶಗಳಲ್ಲಿ ರಿಪೇರಿಯನ್ನು ಕೊಂದದ್ದು ಮಾರುಕಟ್ಟೆಯ ತರ್ಕವಾದರೆ, ನಮ್ಮಲ್ಲಿ ಕೊಲ್ಲುತ್ತಿರುವುದು ಮಾಹಿತಿ ಮತ್ತು ಬಿಡಿಭಾಗಗಳ ಕೃತಕ ಅಭಾವ. ಇದನ್ನು ನೀತಿಯಿಂದ ಸರಿಪಡಿಸಬಹುದು ಎಂಬುದೇ ಸಮಾಧಾನದ ಸಂಗತಿ.

'ಸ್ಮಾರ್ಟ್' ಎಂಬ ವಿಶೇಷಣ ಸೇರಿದ ಮೇಲೆ ಟಿ.ವಿ.ಗೆ ಇನ್ನೊಂದು ಬಗೆಯ ಮುಪ್ಪು ಬಂದಿದೆ. ಪರದೆ, ಧ್ವನಿ ಎಲ್ಲ ಸರಿಯಿದ್ದರೂ ಒಳಗಿನ ತಂತ್ರಾಂಶವನ್ನು ಕಂಪನಿ ಪರಿಷ್ಕರಿಸದಿದ್ದರೆ ಆ್ಯಪ್‌ಗಳು ಒಂದೊಂದಾಗಿ ನಿಲ್ಲುತ್ತವೆ. ಜೊತೆಗೆ, ಟಿ.ವಿ.ಯಲ್ಲಿ ಬಿಟ್ಟುಕೊಟ್ಟ ಲಾಭವನ್ನು ಜಾಹೀರಾತಿನಲ್ಲಿ, ನೋಡುಗರ ಮಾಹಿತಿಯಲ್ಲಿ ಗಳಿಸುವ ಪರಿಪಾಠವೂ ಬೆಳೆದಿದೆ. ಅಮೆರಿಕದ ವಿಜಿಯೊ ಕಂಪನಿ ಸುಮಾರು 1.1 ಕೋಟಿ ಟಿ.ವಿ.ಗಳಿಂದ, ಜನ ಏನು ನೋಡುತ್ತಿದ್ದಾರೆ ಎಂಬ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿತೆಂಬ ಆರೋಪವನ್ನು 2017ರಲ್ಲಿ 22 ಲಕ್ಷ ಡಾಲರ್ ತೆತ್ತು ಬಗೆಹರಿಸಿಕೊಂಡಿತು. ಟಿ.ವಿ.ಯ ಪೂರ್ಣ ಬೆಲೆ ಬಿಲ್ಲಿನಲ್ಲಿ ಇರುವಷ್ಟೇ ಎಂದು ನಂಬುವ ಕಾಲ ಮುಗಿದಿದೆ.

ಬೇರೆಡೆ ಏನಾಗಿದೆ ನೋಡೋಣ. ಐರೋಪ್ಯ ಒಕ್ಕೂಟದ ನಿಯಮದಂತೆ 2021ರ ಮಾರ್ಚ್‌ನಿಂದ ಟಿ.ವಿ. ತಯಾರಕರು, ಒಂದು ಮಾಡೆಲ್‌ನ ಕೊನೆಯ ಟಿ.ವಿ. ಮಾರುಕಟ್ಟೆಗೆ ಬಂದ ಮೇಲೂ ವಿದ್ಯುತ್ ಪೂರೈಕೆ ಘಟಕದಂಥ ನಿಗದಿತ ಬಿಡಿಭಾಗಗಳನ್ನು ಕನಿಷ್ಠ ಏಳು ವರ್ಷ ಒದಗಿಸಬೇಕು. ಇತ್ತೀಚಿನ ತಂತ್ರಾಂಶ ಕನಿಷ್ಠ ಎಂಟು ವರ್ಷ ಲಭ್ಯವಿರಬೇಕು. ಫ್ರಾನ್ಸ್ 2021ರ ಜನವರಿಯಲ್ಲಿ ಟಿ.ವಿ.ಯೂ ಸೇರಿದಂತೆ ಕೆಲವು ವಸ್ತುಗಳಿಗೆ ಹತ್ತು ಅಂಕಗಳ ದುರಸ್ತಿ ಸೂಚ್ಯಂಕವನ್ನು ಕಡ್ಡಾಯಗೊಳಿಸಿತು. 2025ರಿಂದ ಟಿ.ವಿ.ಗೆ ಬಾಳಿಕೆಯ ಸೂಚ್ಯಂಕವನ್ನೇ ತಂದಿದೆ.

ನಮ್ಮಲ್ಲೂ ಚಿಂತನೆ ನಡೆದಿಲ್ಲವೆಂದಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ದುರಸ್ತಿಯ ಹಕ್ಕು' ಪೋರ್ಟಲ್ ಆರಂಭಿಸಿತು. ದುರಸ್ತಿ ಸೂಚ್ಯಂಕ ಕುರಿತ ತಜ್ಞರ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ಆದರೆ ಸಮಿತಿಯ ಮೊದಲ ಆದ್ಯತೆ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳಿಗೆ. ಇನ್ನು 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಯಾರಕರಿಗೆ ಮರುಬಳಕೆಯ ಗುರಿ ವಿಧಿಸಿವೆ: ಮೊದಲ ಎರಡು ವರ್ಷ ಶೇ 60, ನಂತರದ ಎರಡು ವರ್ಷ ಶೇ 70, 2027-28ರಿಂದ ಶೇ 80. ಇದು ಸ್ವಾಗತಾರ್ಹ. ಆದರೆ ಇಲ್ಲಿ ಎಣಿಕೆಯಾಗುವುದು ಸತ್ತ ಟಿ.ವಿ.ಯ ತೂಕವೇ ಹೊರತು ಬದುಕಿದ್ದ ಟಿ.ವಿ.ಯ ವರ್ಷಗಳಲ್ಲ. ಟಿ.ವಿ. ಹತ್ತು ವರ್ಷ ಬಾಳುವಂತೆ ಮಾಡಿದವನಿಗೆ ಪ್ರತ್ಯೇಕ ಮನ್ನಣೆಯಿಲ್ಲ.

ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಪೊಟ್ಟಣದ ಸರಕುಗಳಿಗೆ ಗ್ರಾಂ ಅಥವಾ ಕಿಲೋ ಲೆಕ್ಕದ ಬಿಡಿ ಬೆಲೆಯನ್ನು ಮುದ್ರಿಸಬೇಕೆಂಬ ನಿಯಮ ಕಾನೂನು ಮಾಪನ ವ್ಯವಸ್ಥೆಯಲ್ಲಿ ಈಗಾಗಲೇ ಬಂದಿದೆ. ಬಿಸ್ಕತ್ತಿನ ಪೊಟ್ಟಣಕ್ಕೆ ಸಲ್ಲುವ ಪಾರದರ್ಶಕತೆ ಹತ್ತು ಸಾವಿರದ ಟಿ.ವಿ.ಗೆ ಏಕೆ ಬೇಡ? ಡಬ್ಬದ ಮೇಲೆ ಮೂರು ಸಾಲು ಮುದ್ರಣವಾದರೆ ಸಾಕು. ಒಂದು, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ. ಎರಡು, ತಂತ್ರಾಂಶ ಎಷ್ಟು ವರ್ಷ ಪರಿಷ್ಕರಣೆಯಾಗುತ್ತದೆ. ಮೂರು, ವಾರಂಟಿ ಮುಗಿದ ಮೇಲೆ ಪ್ಯಾನೆಲ್ ಬದಲಿಸಲು ಎಷ್ಟು ಖರ್ಚಾಗುತ್ತದೆ. ಇದರಿಂದ ಬೆಲೆ ಏರುತ್ತದೆ, ಬಡವರಿಗೆ ಹೊರೆಯಾಗುತ್ತದೆ ಎಂಬ ಆಕ್ಷೇಪ ಉದ್ಯಮದಿಂದ ಬರಬಹುದು. ಬಿಡಿಭಾಗ ಇಡಲೇಬೇಕೆಂದು ಕಡ್ಡಾಯ ಮಾಡಿದರೆ ಆ ಮಾತಿಗೆ ಸ್ವಲ್ಪ ಅರ್ಥವಿದೆ. ಆದರೆ ಇಲ್ಲಿ ಕೇಳುತ್ತಿರುವುದು ಸತ್ಯ ಹೇಳಿ ಎಂದಷ್ಟೇ. 'ಬಿಡಿಭಾಗ ಒಂದು ವರ್ಷ ಮಾತ್ರ' ಎಂದು ಮುದ್ರಿಸಿಯೂ ಮಾರಬಹುದು. ಕೊಳ್ಳುವವರು ತಿಳಿದು ಕೊಳ್ಳುತ್ತಾರೆ. ಬಡವರಿಗೆ ಹೊರೆ ಯಾವುದೆಂಬುದಕ್ಕೆ ತಿಂಗಳಿಗೆ 680 ರೂಪಾಯಿಯ ಲೆಕ್ಕವೇ ಸಾಕ್ಷಿ.

ಅಲ್ಲಿಯವರೆಗೆ ಗ್ರಾಹಕರು ಕೈಕಟ್ಟಿ ಕೂರಬೇಕಿಲ್ಲ. ಬ್ಯಾಕ್‌ಲೈಟ್ ಮಟ್ಟವನ್ನು ನೂರಕ್ಕೆ ನೂರರಿಂದ ಅರ್ಧದ ಆಸುಪಾಸಿಗೆ ಇಳಿಸಿದರೆ ಕಣ್ಣಿಗೂ ಹಿತ, ಎಲ್‌ಇಡಿಗೂ ಆಯುಷ್ಯ. ಪರದೆ ಕಪ್ಪಾಗಿ ಧ್ವನಿ ಬರುತ್ತಿದ್ದರೆ ಗುಜರಿಗೆ ಹಾಕುವ ಮೊದಲು ಟಾರ್ಚ್ ಹಿಡಿದು ನೋಡಿ. ವಾರಂಟಿಯ ಅವಧಿಯಲ್ಲಿ ಸೇವೆ ದೊರೆಯದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವೂ ಇಲ್ಲ. ಬಿಲ್ಲನ್ನು ಜೋಪಾನವಾಗಿಡಬೇಕು, ಅಷ್ಟೆ.

ಆ ಮಹಿಳೆ ಕಳೆದ ತಿಂಗಳು ಮತ್ತೆ ಕಂತಿನ ಮೇಲೆ ಟಿ.ವಿ. ಕೊಳ್ಳಲು ಹೊರಟಾಗ ಈ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟು, ಅಂಗಡಿಯಲ್ಲಿ ಕೇಳಿ ಎಂದಿದ್ದೆ. ಮೊದಲ ಪ್ರಶ್ನೆಗೇ ಅಂಗಡಿಯವರು ನಕ್ಕು, "ಅದೆಲ್ಲ ಯಾರಿಗೂ ಗೊತ್ತಿರಲ್ಲ ಅಮ್ಮ, ಎರಡು ವರ್ಷ ಬಂದರೆ ಸಾಕಲ್ಲ" ಎಂದರಂತೆ. ಅವರು ಸುಳ್ಳು ಹೇಳಲಿಲ್ಲ. ಮಾರುವವರಿಗೂ ಗೊತ್ತಿಲ್ಲ, ಕೊಳ್ಳುವವರಿಗೂ ಗೊತ್ತಿಲ್ಲ; ಗೊತ್ತಿರುವ ತಯಾರಕರನ್ನು ಕೇಳುವವರಿಲ್ಲ. ಕೇಳುವ ಅಧಿಕಾರ ಇರುವುದು ಸರ್ಕಾರಕ್ಕೆ. ಅದು ಕೇಳುವವರೆಗೆ ಹತ್ತು ಕಂತು ಕಟ್ಟಿ ಹದಿನಾಲ್ಕು ತಿಂಗಳು ನೋಡುವವರ ಸಂಖ್ಯೆ ಇಳಿಯಲಾರದು.